ಡಚ್ಚರ ಪೇಟೆಯಲ್ಲಿ ತಾಮ್ರದ ಬಿಡಿಗಾಸು: ಒಂದು ಡಾಯ್ಟ್‌ಗೆ ಏನು ಸಿಗುತ್ತಿತ್ತು?

ಪ್ರಶ್ನೆ: ನಮ್ಮದು ಕುಂದಾಪುರದ ಹತ್ತಿರದ ಊರು. ಅಜ್ಜನ ಮರದ ಪೆಟ್ಟಿಗೆಯಲ್ಲಿ ಒಂದು ತಾಮ್ರದ ನಾಣ್ಯ ಸಿಕ್ಕಿದೆ. ಒಂದು ಬದಿಯಲ್ಲಿ ಕಿರೀಟ, ಅದರ ಕೆಳಗೆ ಗುರಾಣಿ, ಒಳಗೆ ಸಿಂಹದಂಥ ಚಿತ್ರ. ಇನ್ನೊಂದು ಬದಿಯಲ್ಲಿ ವಿ, ಒ, ಸಿ ಎಂಬ ಇಂಗ್ಲಿಷ್ ಅಕ್ಷರಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಕೆಳಗೆ 1754 ಅಂತಿದೆ. ಡಚ್ಚರ ನಾಣ್ಯ ಎಂದು ಕೇಳಿದೆ. ಆಗ ಹಾಲೆಂಡಿನ ಸಾಮಾನ್ಯ ಜನ ಇದನ್ನು ಹೇಗೆ ಖರ್ಚು ಮಾಡುತ್ತಿದ್ದರು? ಇದಕ್ಕೆ ಏನು ಬರುತ್ತಿತ್ತು? ಮನೆಯಲ್ಲಿ ಹುಣಸೆಹಣ್ಣು ಹಾಕಿ ಉಜ್ಜೋಣ ಅಂತಿದ್ದಾರೆ. ಉಜ್ಜಬಹುದಾ?

ಉತ್ತರ: ಮೊದಲು ಕೊನೆಯ ಪ್ರಶ್ನೆ. ದಯವಿಟ್ಟು ಉಜ್ಜಬೇಡಿ. ಹುಳಿ ತಗುಲಿದರೆ ತಾಮ್ರದ ಮೇಲಿನ ಕಂದು ಪದರ ಹೋಗುತ್ತದೆ, ಅದರ ಜೊತೆಗೆ ಅಕ್ಷರಗಳ ಅಂಚೂ ಸವೆಯುತ್ತದೆ. ಹಾಗೆ ಬೆಳಗಿದ ನಾಣ್ಯ ಸಂಗ್ರಹಕಾರರಿಗೂ ಬೇಡ, ಓದುವವರಿಗೂ ಕಷ್ಟ. ಒಣ ಹತ್ತಿಬಟ್ಟೆಯಲ್ಲಿ ಮೆತ್ತಗೆ ಒರೆಸಿ, ಕಾಗದದ ಲಕೋಟೆಯಲ್ಲಿ ಇಟ್ಟರೆ ಸಾಕು.

ನಿಮ್ಮ ಕೈಯಲ್ಲಿರುವುದರ ಹೆಸರು ಡಾಯ್ಟ್. ಮೇಲಿನ ಅಕ್ಷರಗಳು ಡಚ್ ಈಸ್ಟ್ ಇಂಡಿಯಾ ಕಂಪನಿಯ ಗುರುತು. ಗುರಾಣಿಯನ್ನು ಒಂದು ಭೂತಗನ್ನಡಿ ಹಿಡಿದು ನೋಡಿ. ಒಂದೇ ಸಿಂಹ ಪೂರ್ತಿಯಾಗಿ ನಿಂತಿದ್ದರೆ ಅದು ಹಾಲೆಂಡ್ ಪ್ರಾಂತ್ಯದ ಟಂಕಸಾಲೆಯದು. ಸಿಂಹದ ಕೆಳಗಿನ ಅರ್ಧ ಅಲೆಗಳಲ್ಲಿ ಮುಳುಗಿದ್ದರೆ ಜೀಲ್ಯಾಂಡ್. ಒಂದರ ಮೇಲೊಂದು ಎರಡು ಸಿಂಹಗಳು ನಡೆಯುತ್ತಿದ್ದರೆ ವೆಸ್ಟ್ ಫ್ರೀಸ್‌ಲ್ಯಾಂಡ್. ಸಮುದ್ರದಿಂದ ಮೇಲೆ ಬರುವ ಆ ಜೀಲ್ಯಾಂಡಿನ ಸಿಂಹ ನನಗೆ ತುಂಬ ಇಷ್ಟ. ಕಡಲಿನ ಜೊತೆ ದಿನವೂ ಗುದ್ದಾಡುತ್ತಿದ್ದ ನೆಲ ಅದು. ಅಲ್ಲಿನ ಜನ ತಮ್ಮ ಬಿಡಿಗಾಸಿನ ಮೇಲೂ ಅದನ್ನೇ ಮುದ್ರಿಸಿಕೊಂಡರು.

ಈಗ ನಿಮಗೆ ಸ್ವಲ್ಪ ಆಶ್ಚರ್ಯವಾಗುವ ವಿಷಯ. ನಿಮ್ಮ ಈ ನಾಣ್ಯ ಹಾಲೆಂಡಿನ ಯಾವ ಅಂಗಡಿಯಲ್ಲೂ ನಡೆಯುತ್ತಿರಲಿಲ್ಲ. ಅಚ್ಚಾಗಿದ್ದು ಅಲ್ಲೇ, ಆದರೆ ಏಷ್ಯಾದಲ್ಲಿ ಖರ್ಚು ಮಾಡಲು ಅಂತ. ಆಮ್‌ಸ್ಟರ್‌ಡ್ಯಾಮಿನಲ್ಲಿ ಬ್ರೆಡ್ ಕೊಂಡಿದ್ದು ಇದೇ ಅಳತೆಯ, ಕಂಪನಿಯ ಗುರುತು ಇಲ್ಲದ ಡಾಯ್ಟ್. ಅದರ ಹಿಂಬದಿಯಲ್ಲಿ ಪ್ರಾಂತ್ಯದ ಹೆಸರನ್ನೇ ಮೂರು ಸಾಲಿಗೆ ಒಡೆದು ಬರೆದಿರುತ್ತಿತ್ತು: ‘ಹಾಲ್’, ‘ಲಾನ್’, ‘ದಿಯಾ’. ಈ ಎರಡು ನಾಣ್ಯಗಳು ಯಾಕೆ ಬೇರೆಯಾದವು ಎಂಬುದಕ್ಕೆ ಆಮೇಲೆ ಬರುತ್ತೇನೆ. ಮೊದಲು ಊರಿನ ಡಾಯ್ಟ್‌ನ ಕಥೆ.

ಲೆಕ್ಕ ಹೀಗಿತ್ತು. 8 ಡಾಯ್ಟ್‌ಗೆ 1 ಸ್ಟೈವರ್. 20 ಸ್ಟೈವರ್‌ಗೆ 1 ಗಿಲ್ಡರ್. ಅಂದರೆ ಒಂದು ಗಿಲ್ಡರಿಗೆ 160 ಡಾಯ್ಟ್. ನಡುವೆ ಓರ್ಟ್ ಎಂಬುದೊಂದಿತ್ತು, ಅದು 2 ಡಾಯ್ಟ್. ದಕ್ಷಿಣಕ್ಕೆ ಸ್ಪೇನ್ ಆಳುತ್ತಿದ್ದ ಭಾಗದಲ್ಲಿ, ಅಂದರೆ ಈಗಿನ ಬೆಲ್ಜಿಯಂ ಕಡೆ, ಅಚ್ಚಾದ ತಾಮ್ರದ ಓರ್ಟ್‌ಗಳು ಗಡಿ ದಾಟಿ ಉತ್ತರದಲ್ಲೂ ಓಡಾಡುತ್ತಿದ್ದವು. ಇನ್ನೂ ಚಿಕ್ಕದು ಪೆನ್ನಿಂಗ್, ಸ್ಟೈವರಿನ ಹದಿನಾರನೇ ಒಂದು ಭಾಗ. ಅದು ಹೆಚ್ಚಾಗಿ ಲೆಕ್ಕದ ಪುಸ್ತಕದಲ್ಲಿ ಮಾತ್ರ ಇರುತ್ತಿತ್ತು. ಗಿಲ್ಡರ್, ಸ್ಟೈವರ್, ಪೆನ್ನಿಂಗ್ ಎಂದು ಮೂರು ಅಂಕಣ ಎಳೆದು ಎಲ್ಲರೂ ಲೆಕ್ಕ ಬರೆಯುತ್ತಿದ್ದರು. ಆದರೆ ಕೈಗೆ ಸಿಗುವ ಅತಿ ಸಣ್ಣ ಕಾಸು ಡಾಯ್ಟೇ.

1702ರಲ್ಲಿ ಹಾಲೆಂಡ್ ಪ್ರಾಂತ್ಯ ಡಾಯ್ಟನ್ನು ಸುಮಾರು 3.84 ಗ್ರಾಮಿಗೆ ನಿಲ್ಲಿಸಿತು. 2011ರಲ್ಲಿ ಬಂದ ನಮ್ಮ ಒಂದು ರೂಪಾಯಿ ನಾಣ್ಯದಷ್ಟೇ ತೂಕ, ಅಗಲವೂ ಹೆಚ್ಚು ಕಡಿಮೆ ಅಷ್ಟೇ. ಅದಕ್ಕೂ ಮೊದಲಿನ ಡಾಯ್ಟ್‌ಗಳು ಇನ್ನೂ ಹಗುರ, ಒಂದೊಂದು ಊರಿನದು ಒಂದೊಂದು ತೂಕ.

ಒಂದು ಡಾಯ್ಟ್‌ಗೆ ಏನು ಬರುತ್ತಿತ್ತು? ಬ್ರೆಡ್ಡಿನಿಂದ ಶುರು ಮಾಡೋಣ, ಯಾಕೆಂದರೆ ಬಡವರ ಮನೆಯ ಖರ್ಚಿನಲ್ಲಿ ದೊಡ್ಡ ಪಾಲು ಅದೇ. ರೈ ಧಾನ್ಯದ ಕಪ್ಪು ಬ್ರೆಡ್ ಅವರ ದಿನದ ಊಟ. ಆಮ್‌ಸ್ಟರ್‌ಡ್ಯಾಮಿನಲ್ಲಿ ಅದರ ದೊಡ್ಡ ಮುದ್ದೆ 12 ಪೌಂಡ್ ತೂಗುತ್ತಿತ್ತು, ಹತ್ತಿರ ಹತ್ತಿರ 6 ಕಿಲೋ. ಇದರ ಬೆಲೆ ಬೇಕರಿಯವನ ಇಷ್ಟಕ್ಕೆ ಬಿಟ್ಟಿದ್ದಲ್ಲ. ಧಾನ್ಯದ ಪೇಟೆ ಬೆಲೆ ನೋಡಿಕೊಂಡು ನಗರಸಭೆಯೇ ದರ ಕಟ್ಟುತ್ತಿತ್ತು. ಒಂದು ವಾರ ಆ ಮುದ್ದೆಗೆ 9 ಸ್ಟೈವರ್ ಇತ್ತು ಅಂತಿಟ್ಟುಕೊಳ್ಳಿ. ಆಗ ಒಂದು ಪೌಂಡಿಗೆ 6 ಡಾಯ್ಟ್ ಆಯಿತು. ಒಂದು ಡಾಯ್ಟ್ ಅಂದರೆ ಎರಡು ಮೂರು ತುತ್ತು.

ಬಿಳಿ ಗೋಧಿ ಬ್ರೆಡ್ಡಿನ ವ್ಯವಸ್ಥೆ ಇನ್ನೂ ಸ್ವಾರಸ್ಯ. ರೈ ಬ್ರೆಡ್ಡಿಗೆ ತೂಕ ಒಂದೇ, ಬೆಲೆ ಏರಿಳಿಯುತ್ತಿತ್ತು. ಸಣ್ಣ ಬಿಳಿ ಬನ್ನಿಗೆ ಇದು ತಿರುಗುಮುರುಗು. ಬೆಲೆ ಅಷ್ಟೇ ಇರುತ್ತಿತ್ತು, ತೂಕ ಬದಲಾಗುತ್ತಿತ್ತು. ಯಾಕೆ? ಡಾಯ್ಟ್‌ಗಿಂತ ಚಿಕ್ಕ ಕಾಸು ಕೈಯಲ್ಲಿ ಇರಲಿಲ್ಲ. ನಾಲ್ಕು ಡಾಯ್ಟಿನ ಬನ್ನಿಗೆ ಒಂದು ಡಾಯ್ಟ್ ಏರಿಸಿದರೆ ಅದು ಒಂದೇ ಏಟಿಗೆ ಶೇಕಡ 25 ಏರಿಕೆ. ಗೋಧಿ ಅಷ್ಟೊಂದು ದುಬಾರಿ ಆಗಿರುವುದಿಲ್ಲವಲ್ಲ. ಹಾಗಾಗಿ ಬೆಲೆ ಮುಟ್ಟದೆ ಹಿಟ್ಟು ಕಡಿಮೆ ಮಾಡುತ್ತಿದ್ದರು. ಈ ವಾರ ಬನ್ನು ಎಷ್ಟು ತೂಗಬೇಕು ಎಂಬುದನ್ನೂ ನಗರಸಭೆಯೇ ಹೇಳುತ್ತಿತ್ತು. ಅಧಿಕಾರಿಗಳು ಅಂಗಡಿಗೆ ಬಂದು ತೂಗಿ ನೋಡುತ್ತಿದ್ದರು. ಕಡಿಮೆ ಬಂದರೆ ದಂಡ. ಊರಿನವರ ಬನ್ನಿನ ಗಾತ್ರವನ್ನೇ ತೀರ್ಮಾನಿಸುವಷ್ಟು ಆ ಪುಟ್ಟ ತಾಮ್ರದ ಬಿಲ್ಲೆಗೆ ಬಲ ಇತ್ತು.

ಹಾಲೆಂಡಿನ ಪಟ್ಟಣಗಳಲ್ಲಿ ಕೌಶಲ ಇಲ್ಲದ ಕೂಲಿಯವನಿಗೆ ದಿನಕ್ಕೆ ಒಂದು ಗಿಲ್ಡರಿನ ಆಸುಪಾಸು ಸಿಗುತ್ತಿತ್ತು. ಒಳ್ಳೆಯ ಬಡಗಿಗೆ, ಗಾರೆಯವನಿಗೆ ಇನ್ನೂ ಜಾಸ್ತಿ. ಚಳಿಗಾಲದಲ್ಲಿ ಹಗಲು ಚಿಕ್ಕದು, ಕೂಲಿಯೂ ಕಡಿಮೆ. ಒಂದು ಗಿಲ್ಡರನ್ನು ಪೂರ್ತಿ ಡಾಯ್ಟಿನಲ್ಲೇ ಕೊಟ್ಟರೆ 160 ನಾಣ್ಯ, 600 ಗ್ರಾಮಿಗೂ ಜಾಸ್ತಿ ತಾಮ್ರ. ವಾರದ ಕೂಲಿ ಹೀಗೆ ಬಂದರೆ ಚೀಲವೇ ಬೇಕು. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಬ್ರೆಡ್ ಬಿಟ್ಟರೆ ಬಿಯರ್, ಹಾಲು, ತರಕಾರಿ, ಒಲೆಗೆ ಹಾಕುವ ಪೀಟ್ ಮಣ್ಣಿನ ಹೆಂಟೆ, ಸೇತುವೆಯ ಸುಂಕ, ದೋಣಿಯವನ ಕಾಸು. ಎಲ್ಲವೂ ಡಾಯ್ಟ್, ಓರ್ಟ್, ಸ್ಟೈವರ್‌ಗಳಲ್ಲೇ. ಮಕ್ಕಳ ಮಿಠಾಯಿಯೂ ಅಷ್ಟೆ. ಪೆಚ್ಚುಮುಖ ಹಾಕಿಕೊಂಡವನನ್ನು ಕಂಡರೆ ‘ಕೊನೆಯ ಓರ್ಟನ್ನೂ ಮಿಠಾಯಿಗೆ ಕಳೆದವನ ಹಾಗಿದ್ದಾನೆ’ ಎಂದು ಡಚ್ಚರು ಈಗಲೂ ಹೇಳುತ್ತಾರೆ.

ಇದರ ಜೊತೆಗೆ ತೆರಿಗೆ. ಬಿಯರ್, ಉಪ್ಪು, ಸಾಬೂನು, ಪೀಟ್, ಧಾನ್ಯ ಬೀಸುವುದು, ಎಲ್ಲದರ ಮೇಲೂ ಅಬಕಾರಿ ಸುಂಕ ಇತ್ತು. 17ನೇ ಶತಮಾನದಲ್ಲಿ ಅಲ್ಲಿ ಇಂಗ್ಲೆಂಡಿನ ರಾಯಭಾರಿಯಾಗಿದ್ದ ವಿಲಿಯಂ ಟೆಂಪಲ್ ಒಂದು ಮಾತು ದಾಖಲಿಸಿದ್ದಾನೆ. ಹೋಟೆಲಿನಲ್ಲಿ ಒಂದು ತಟ್ಟೆ ಮೀನನ್ನು ಅದರ ಸಾಸ್ ಸಮೇತ ತಿಂದರೆ 30ಕ್ಕೂ ಹೆಚ್ಚು ಬಗೆಯ ಸುಂಕ ಕಟ್ಟಿದ ಹಾಗಾಯಿತು, ಎಂದು. ಸಾಮ್ರಾಜ್ಯವಾದ ಸ್ಪೇನಿನ ಜೊತೆ 80 ವರ್ಷ ನಡೆದ ಯುದ್ಧದ ಖರ್ಚಿನ ದೊಡ್ಡ ಭಾಗ ಹೀಗೆ ಜನರ ಊಟದ ತಟ್ಟೆಯಿಂದಲೇ ಕಾಸು ಕಾಸಾಗಿ ಬಂತು.

ಈಗ ತೊಂದರೆಯ ಭಾಗ. ಡಾಯ್ಟಿನ ಒಳಗಿನ ತಾಮ್ರಕ್ಕೆ ಅದರ ಮುಖಬೆಲೆಯಷ್ಟು ಬೆಲೆ ಇರಲಿಲ್ಲ. ಹಾಗಾದರೆ ಹೆಚ್ಚು ಅಚ್ಚು ಹಾಕಿದಷ್ಟೂ ಹೆಚ್ಚು ಲಾಭ, ಅಲ್ವಾ? ಡಚ್ ಗಣರಾಜ್ಯದಲ್ಲಿ ಒಂದೇ ಒಂದು ಟಂಕಸಾಲೆ ಇರಲಿಲ್ಲ. ಏಳು ಪ್ರಾಂತ್ಯಗಳಿಗೆ ತಮ್ಮ ತಮ್ಮದು ಇತ್ತು. ಅದರ ಮೇಲೆ ಡೆವೆಂಟರ್, ಕಾಂಪೆನ್, ಜ್ವೊಲ್ಲೆ, ನೈಮೇಖನ್‌ನಂಥ ನಗರಗಳಿಗೂ ಹಕ್ಕಿತ್ತು. ಒಟ್ಟು ಒಂದು ಡಜನ್‌ಗೂ ಹೆಚ್ಚು. ವೆಸ್ಟ್ ಫ್ರೀಸ್‌ಲ್ಯಾಂಡಿನದಂತೂ ಹೋರ್ನ್, ಎಂಕ್‌ಹೌಜನ್, ಮೇಡೆಮ್‌ಬ್ಲಿಕ್ ಎಂಬ ಮೂರು ಊರುಗಳ ನಡುವೆ ಸರದಿ ಪ್ರಕಾರ ತಿರುಗುತ್ತಿತ್ತು. ಟಂಕಸಾಲೆ ನಡೆಸುವವನು ಸಂಬಳದ ನೌಕರ ಅಲ್ಲ, ಗುತ್ತಿಗೆ ಹಿಡಿದವನು. ತಾಮ್ರ ತಂದು, ಹಾಳೆ ಮಾಡಿ, ಬಿಲ್ಲೆ ಕತ್ತರಿಸಿ, ಅಚ್ಚು ಹೊಡೆದು, ಖರ್ಚು ಕಳೆದು ಉಳಿದದ್ದು ಅವನ ಲಾಭ. ಬೆಳ್ಳಿ ನಾಣ್ಯದಲ್ಲಿ ಉಳಿತಾಯ ಕಡಿಮೆ, ತಾಮ್ರದಲ್ಲಿ ಜಾಸ್ತಿ.

ಅವನಿಗೆ ತಾಮ್ರಕ್ಕೂ ಬರ ಇರಲಿಲ್ಲ. ಸ್ವೀಡನ್ನಿನ ಫಾಲೂನ್ ಗಣಿಯ ತಾಮ್ರಕ್ಕೆ ಆಮ್‌ಸ್ಟರ್‌ಡ್ಯಾಮೇ ದೊಡ್ಡ ಪೇಟೆ. ಟ್ರಿಪ್, ಡಿ ಗಿಯರ್ ಎಂಬ ಮನೆತನಗಳು ಲೋಹ ಮತ್ತು ಆಯುಧದ ವ್ಯಾಪಾರದಲ್ಲೇ ಅಪಾರ ಹಣ ಮಾಡಿದವು. ಇದರ ಜೊತೆಗೆ ಜಪಾನಿನ ತಾಮ್ರ. ಡಚ್ ಕಂಪನಿ ಅದನ್ನು ನಾಗಸಾಕಿಯಲ್ಲಿ ಕೊಂಡು, ಬಹುಪಾಲನ್ನು ಭಾರತಕ್ಕೆ, ಕೋರಮಂಡಲ ಕರಾವಳಿ, ಸೂರತ್, ಬಂಗಾಳಕ್ಕೆ ತಂದು ಮಾರುತ್ತಿತ್ತು. ನಮ್ಮ ಕಡೆಯ ತಾಮ್ರದ ಕಾಸುಗಳಿಗೂ, ಪಾತ್ರೆಗಳಿಗೂ ಆ ಲೋಹ ಹೋಗಿದೆ.

ಗಣರಾಜ್ಯದ ಟಂಕಸಾಲೆಗಳಾದರೂ ಒಂದು ಲೆಕ್ಕದಲ್ಲಿ ಮೇಲಧಿಕಾರಿಗಳ ಕಣ್ಣಿಗೆ ಬೀಳುತ್ತಿದ್ದವು. ಪೂರ್ವದ ಗಡಿಯಲ್ಲಿದ್ದ ಪುಟ್ಟ ಪುಟ್ಟ ಪಾಳೆಯಗಾರರದು ಬೇರೆಯೇ ದಾರಿ. ಬಾಟೆನ್‌ಬರ್ಗ್, ರೆಕ್‌ಹೈಮ್, ಗ್ರೋನ್ಸ್‌ಫೆಲ್ಡ್‌ನಂಥ ಕಡೆ ಹಾಲೆಂಡಿನ, ಜೀಲ್ಯಾಂಡಿನ ಡಾಯ್ಟ್‌ಗಳನ್ನೇ ಹೋಲುವ ನಾಣ್ಯಗಳನ್ನು ಅಚ್ಚು ಹಾಕಿದರು. ಅದೇ ಹೂಮಾಲೆ, ಅದೇ ಗುರಾಣಿ. ಅಕ್ಷರ ಮಾತ್ರ ಬೇರೆ, ತೂಕ ಇನ್ನೂ ಕಡಿಮೆ. ಸಂತೆಯ ಗದ್ದಲದಲ್ಲಿ, ಮೀನಿನ ನೀರು ಮೆತ್ತಿದ ಕೈಯಲ್ಲಿ ಒಂದೊಂದು ಕಾಸನ್ನೂ ತಿರುವಿ ಓದುವವರು ಯಾರು? ಹಗುರ ಕಾಸು ಬರಬಾರದು, ಹೊರಗಿನ ತಾಮ್ರ ನಡೆಯುವುದಿಲ್ಲ ಎಂದು ಮತ್ತೆ ಮತ್ತೆ ಆದೇಶ ಹೊರಟವು. ಮತ್ತೆ ಮತ್ತೆ ಹೊರಡಿಸಬೇಕಾಯಿತು ಎಂಬುದರಲ್ಲೇ ಅವು ಎಷ್ಟು ನಡೆದವು ಎಂದು ಗೊತ್ತಾಗುತ್ತದೆ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇಲ್ಲಿದೆ. ಕೆಟ್ಟ ಕಾಸಿನ ನಷ್ಟ ಎಲ್ಲರಿಗೂ ಸಮನಾಗಿ ಬೀಳಲಿಲ್ಲ.

1609ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರ ಒಂದು ವಿನಿಮಯ ಬ್ಯಾಂಕ್ ತೆರೆಯಿತು. ನೂರೆಂಟು ಬಗೆಯ ನಾಣ್ಯಗಳ ಗೊಂದಲದಿಂದ ವ್ಯಾಪಾರವನ್ನು ಕಾಪಾಡುವುದೇ ಅದರ ಉದ್ದೇಶ. 600 ಗಿಲ್ಡರ್ ಮತ್ತು ಅದಕ್ಕೂ ಮೇಲಿನ ಹುಂಡಿಗಳನ್ನು, ಅಂದರೆ ವ್ಯಾಪಾರಿಗಳ ಹಣಪಾವತಿ ಪತ್ರಗಳನ್ನು, ಬ್ಯಾಂಕಿನ ಖಾತೆಯಲ್ಲೇ ತೀರಿಸಬೇಕು ಎಂದು ನಿಯಮ ಆಯಿತು. ಒಬ್ಬನ ಖಾತೆಯಿಂದ ತೆಗೆದು ಇನ್ನೊಬ್ಬನ ಖಾತೆಗೆ ಬರೆದರೆ ಮುಗಿಯಿತು. ಸವೆದ ಬೆಳ್ಳಿ, ಕತ್ತರಿಸಿದ ಅಂಚು, ಖೋಟಾ ಕಾಸು, ಯಾವುದರ ತಲೆನೋವೂ ಇಲ್ಲ. ಅದೇ 600 ಗಿಲ್ಡರನ್ನು 18ನೇ ಶತಮಾನದ ತೂಕದ ಡಾಯ್ಟಿನಲ್ಲಿ ಎಣಿಸಿದರೆ 96,000 ನಾಣ್ಯ, 368 ಕಿಲೋ ತಾಮ್ರ. ದೊಡ್ಡ ವ್ಯಾಪಾರಿ ತನ್ನ ಜೀವಮಾನದಲ್ಲಿ ಅಂಥದ್ದನ್ನು ಮುಟ್ಟಬೇಕಾಗಿಯೇ ಇರಲಿಲ್ಲ.

ಮುಟ್ಟಬೇಕಾಗಿದ್ದವಳು ತರಕಾರಿಯವಳು. ಅವಳ ಇಡೀ ಆಸ್ತಿ ಸೊಂಟದ ಚೀಲದಲ್ಲಿನ ತಾಮ್ರ. ಒಂದು ಬಗೆಯ ಡಾಯ್ಟ್ ಇನ್ನು ನಡೆಯದು ಎಂದು ಬೆಳಗ್ಗೆ ಸಾರಿದರೆ ಅವಳ ನಿನ್ನೆಯ ವ್ಯಾಪಾರವೆಲ್ಲ ಹಾಳು. ಅದಕ್ಕಿಂತ ಕ್ರೂರವಾದದ್ದು ಕೂಲಿಯ ವಿಷಯ. ಕೆಟ್ಟ ಡಾಯ್ಟ್‌ಗಳು ಸಗಟಿನಲ್ಲಿ ಅಗ್ಗಕ್ಕೆ ಸಿಗುತ್ತಿದ್ದವು. ಅವನ್ನು ಕೊಂಡು ಸ್ಟೈವರಿಗೆ ಎಂಟರಂತೆ ಕೂಲಿ ಎಣಿಸಿದರೆ ಧಣಿಗೆ ಕುಳಿತಲ್ಲೇ ಲಾಭ. ಸ್ಟೈವರಿಗೆ 9ರಂತೆ ಕೊಂಡು 8ರಂತೆ ಕೊಟ್ಟರೂ ಕೂಲಿಯ ಒಂಬತ್ತನೇ ಒಂದು ಭಾಗ ನುಂಗಿದ ಹಾಗೆ. ನೇಯುವವನು ಆ ಕಾಸು ಹಿಡಿದು ಅಂಗಡಿಗೆ ಹೋದರೆ ಅಂಗಡಿಯವನು ಮುಖ ತಿರುಗಿಸುತ್ತಾನೆ, ಇಲ್ಲವೇ ಬೆಲೆ ಏರಿಸುತ್ತಾನೆ. ಯಾರನ್ನು ಕೇಳಬೇಕು ಅವನು? ಡಚ್ಚರ ಸುವರ್ಣಯುಗದ ಬಗ್ಗೆ ಮಾತಾಡುವಾಗ ಹಡಗು, ಬ್ಯಾಂಕು, ಚಿತ್ರಕಲೆ ಎಂದೆಲ್ಲ ಹೇಳುತ್ತೇವೆ. ಈ ತಾಮ್ರದ ಚೀಲದ ಕಥೆಯನ್ನೂ ಅದರ ಜೊತೆಗೇ ಇಟ್ಟು ಹೇಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಚಿಲ್ಲರೆ ಒಳ್ಳೆಯದಿಲ್ಲ, ಅಥವಾ ಸಾಕಾಗುತ್ತಿಲ್ಲ ಎಂದಾಗ ಜನ ಸುಮ್ನೆ ಕೂರಲಿಲ್ಲ. ಉದ್ರಿ ನಡೆಸಿದರು. ಬೇಕರಿಯವನ ಹತ್ತಿರ ಗಿರಾಕಿಗೊಂದು ಮರದ ಕೋಲು ಇರುತ್ತಿತ್ತು. ಬ್ರೆಡ್ ಒಯ್ದಾಗಲೆಲ್ಲ ಅದರಲ್ಲಿ ಚಾಕುವಿನಿಂದ ಒಂದು ಗೀರು. ಲೆಕ್ಕ ಬೆಳೆದ ಮೇಲೆ ಗೀರುಗಳನ್ನು ಎಣಿಸಿ ಬೆಳ್ಳಿ ನಾಣ್ಯದಲ್ಲಿ ಒಮ್ಮೆಗೇ ತೀರಿಸುವುದು. ಹೆಂಡದಂಗಡಿಯಲ್ಲೂ ಇದೇ ಕ್ರಮ. ಉದ್ರಿ ಸಿಗುವುದು ಗುರುತಿರುವವನಿಗೆ ಮಾತ್ರ, ಅದು ಬೇರೆ ಮಾತು. ಊರಿಗೆ ಹೊಸದಾಗಿ ಬಂದ ಜರ್ಮನ್ ಕೂಲಿಗೆ, ನಾರ್ವೆಯ ನಾವಿಕನಿಗೆ ಕೋಲೂ ಇಲ್ಲ, ಗೀರೂ ಇಲ್ಲ. ಅವರಿಗೆ ನಗದೇ ಗತಿ.

ಚರ್ಚಿನಲ್ಲಿ ಇನ್ನೊಂದು ನೋಟ. ಉದ್ದನೆಯ ಕೋಲಿನ ತುದಿಗೆ ಮಖಮಲ್ಲಿನ ಚೀಲ, ಚೀಲಕ್ಕೊಂದು ಪುಟ್ಟ ಗಂಟೆ. ಸಾಲಿನಲ್ಲಿ ಕೂತವರ ಮುಂದೆ ಅದನ್ನು ಚಾಚುತ್ತ ಹೋಗುತ್ತಿದ್ದರು. ಬಡವರ ನೆರವಿಗೆ ಎತ್ತುವ ಕಾಣಿಕೆ ಅದು. ಬೀಳುತ್ತಿದ್ದದ್ದು ಹೆಚ್ಚಾಗಿ ಡಾಯ್ಟ್. ಚೀಲದೊಳಗೆ ಕೈ ಹೋದ ಮೇಲೆ ಏನು ಬಿದ್ದಿತು ಎಂದು ಪಕ್ಕದವನಿಗೆ ಕಾಣುವುದಿಲ್ಲವಲ್ಲ. ಹಾಗಾಗಿ ಅಂಗಡಿಯಲ್ಲಿ ನಡೆಯದ ಪರದೇಶದ ಕಾಸು, ಖೋಟಾ ಕಾಸು, ಸವೆದ ಬಿಲ್ಲೆ ಎಲ್ಲವೂ ಅಲ್ಲಿಗೆ ಬಂದು ಸೇರುತ್ತಿದ್ದವು. ಚರ್ಚಿನವರು ಅದನ್ನು ವಿಂಗಡಿಸಿ, ನಡೆಯದ್ದನ್ನು ಹಳೆ ತಾಮ್ರದ ಬೆಲೆಗೆ ತೂಗಿ ಮಾರುತ್ತಿದ್ದರು. ಬಡವರಿಗೆ ಹಂಚುವಾಗ ಎಷ್ಟೋ ಕಡೆ ನಾಣ್ಯದ ಬದಲು ಸೀಸದ ಬಿಲ್ಲೆ ಕೊಡುತ್ತಿದ್ದರು. ಆ ಬಿಲ್ಲೆ ತೋರಿಸಿದರೆ ಇಂತಿಷ್ಟು ಬ್ರೆಡ್, ಇಂತಿಷ್ಟು ಪೀಟ್. ಹೆಂಡದಂಗಡಿಗೆ ಹೋಗಬಾರದು ಎಂಬ ಕಾವಲೂ ಅದರಲ್ಲಿತ್ತು.

1702ರ ಹೊಸ ತೂಕ ಬಂದ ಮೇಲೆ ಪರಿಸ್ಥಿತಿ ನಿಧಾನವಾಗಿ ಸುಧಾರಿಸಿತು. ಕೈಸುತ್ತಿಗೆಯ ಬದಲು ಸ್ಕ್ರೂ ಪ್ರೆಸ್ಸಿನಲ್ಲಿ ಹೊಡೆದ ನಾಣ್ಯಗಳು ದುಂಡಗೆ, ಒಂದರಂತೆ ಒಂದು ಇದ್ದವು. ನಕಲಿ ಮಾಡುವುದು ಮೊದಲಿಗಿಂತ ಕಷ್ಟವಾಯಿತು.

ಈಗ ನಿಮ್ಮ ನಾಣ್ಯಕ್ಕೆ ಬರುತ್ತೇನೆ. 1720ರ ದಶಕದಲ್ಲಿ ಕಂಪನಿ ಊರಿನ ಡಾಯ್ಟ್‌ಗಳನ್ನೇ ಜಾವಾದ ಬಟಾವಿಯಾಕ್ಕೆ, ಅಂದರೆ ಈಗಿನ ಜಕಾರ್ತಕ್ಕೆ ಕಳಿಸತೊಡಗಿತು. ಅಲ್ಲಿ ಚಿಲ್ಲರೆಗೆ ಕಷ್ಟ ಇತ್ತು. ಕಂಪನಿ ಅಲ್ಲಿ ಡಾಯ್ಟಿಗೆ ದುಪ್ಪಟ್ಟು ಬೆಲೆ ಕಟ್ಟಿತು, ಸ್ಟೈವರಿಗೆ ನಾಲ್ಕೇ ಡಾಯ್ಟ್. ನಾವಿಕರಿಗೆ ಇದು ತಿಳಿಯಲು ಎಷ್ಟು ಹೊತ್ತು? ಊರಲ್ಲಿ ಒಂದು ಸ್ಟೈವರಿಗೆ ಎಂಟು ಡಾಯ್ಟ್ ಕೊಂಡು, ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟು, ಬಟಾವಿಯಾದಲ್ಲಿ ಎರಡು ಸ್ಟೈವರಿಗೆ ಬಿಟ್ಟರು. ಇಷ್ಟು ಸುಲಭದ ಲಾಭ ಮೆಣಸಿನ ಕಳ್ಳಸಾಗಣೆಯಲ್ಲೂ ಇರಲಿಲ್ಲ. ಅದನ್ನು ತಡೆಯಲು 1726ರಿಂದ ಕಂಪನಿಯ ಗುರುತಿರುವ ಬೇರೆ ಡಾಯ್ಟ್ ಬಂತು. ಗುರುತು ಇರುವುದು ಏಷ್ಯಾದಲ್ಲಿ ಮಾತ್ರ ನಡೆಯಬೇಕು, ಇಲ್ಲದ್ದು ಊರಲ್ಲಿ ಮಾತ್ರ. ನಿಮ್ಮ 1754ರದು ಈ ಗುಂಪಿನದು. ಅಮೆರಿಕದಲ್ಲಿ ಕೆಲವರು ಈ ಗುರುತಿನ ಡಾಯ್ಟನ್ನು ‘ನ್ಯೂಯಾರ್ಕ್ ಪೆನ್ನಿ’ ಎಂದು ಮಾರುತ್ತಾರೆ. ನಂಬಬೇಡಿ. ಇಂಗ್ಲಿಷರು ಡಚ್ಚರಿಂದ ಆ ಊರನ್ನು ಕಿತ್ತುಕೊಂಡಿದ್ದು 1664ರಲ್ಲಿ, ಈ ನಾಣ್ಯ ಹುಟ್ಟುವುದಕ್ಕೆ 62 ವರ್ಷ ಮುಂಚೆ.

ಕುಂದಾಪುರಕ್ಕೆ ಹೇಗೆ ಬಂತು? ನಿಮ್ಮ ಪಕ್ಕದ ಬಸ್ರೂರಿನಲ್ಲಿ ಅಕ್ಕಿ ವ್ಯಾಪಾರಕ್ಕೆ ಡಚ್ಚರು 17ನೇ ಶತಮಾನದಲ್ಲೇ ಬಂದಿದ್ದರು, ಆದರೆ ಆಗ ಈ ನಾಣ್ಯ ಇರಲಿಲ್ಲ. ಕೊಚ್ಚಿ 1663ರಿಂದ 1795ರವರೆಗೆ ಡಚ್ಚರ ಕೈಯಲ್ಲಿತ್ತು. ನನಗೆ ಹೆಚ್ಚು ಹಿಡಿಸುವುದು ಆ ದಾರಿ. ನಮ್ಮ ಕರಾವಳಿಯ ದೋಣಿಗಳು ಮಲಬಾರಿಗೆ ಹೋಗಿ ಬರುತ್ತಿದ್ದವು, ಆ ಓಡಾಟದಲ್ಲಿ ಒಂದು ಡಾಯ್ಟ್ ಇಲ್ಲಿಗೆ ಬಂದಿರಬಹುದು. ಮನೆಯ ಹಿರಿಯರಲ್ಲಿ ಯಾರಾದರೂ ಮಲಬಾರಿಗೋ ಶ್ರೀಲಂಕೆಗೋ ಹೋಗಿದ್ದರಾ ಎಂದು ಕೇಳಿ ನೋಡಿ.

ಕಂಪನಿಯ ಸಾಲ ಮಿತಿಮೀರಿ, 1799ರ ಕೊನೆಗೆ ಅದರ ಸನದು ಮುಗಿಯಿತು. ಊರಿನ ಡಾಯ್ಟ್ 1816ರ ನಾಣ್ಯ ಕಾನೂನಿನವರೆಗೆ ಬದುಕಿತ್ತು. ಆಗ ಗಿಲ್ಡರಿಗೆ 100 ಸೆಂಟ್ ಎಂಬ ದಶಮಾನ ಲೆಕ್ಕ ಬಂತು. 160ರ ಲೆಕ್ಕಕ್ಕೆ ಒಗ್ಗಿದ ಮನೆಗಳಿಗೆ ಒಂದು ಸೆಂಟೂ ಕೆಲವು ಸಲ ದೊಡ್ಡದಾಗುತ್ತಿತ್ತು. ಅದಕ್ಕೇ ಅರ್ಧ ಸೆಂಟಿನ ನಾಣ್ಯವನ್ನೂ ಹೊಡೆದರು, 1940ರವರೆಗೂ ಹೊಡೆಯುತ್ತಲೇ ಇದ್ದರು. ಜಾವಾದಲ್ಲಿ ಡಾಯ್ಟ್ ಇನ್ನೂ ಕೆಲವು ದಶಕ ಓಡಾಡಿತು. ಅಲ್ಲಿ ಗಿಲ್ಡರಿಗೆ 120ರಂತೆ ಎಣಿಸುತ್ತಿದ್ದರು. 1850ರ ದಶಕದಲ್ಲಿ ಸೆಂಟ್ ಬಂದ ಮೇಲೆ ಅದೂ ಚಲಾವಣೆಯಿಂದ ಹೋಯಿತು.